ನೀರಿಗೆ ಕೈ ಹಾಕಿ ಕಲಿಸೋಣ

ಗೆಳೆಯರೇ, ಹಾಸ್ಟೆಲಿನ ನಿಮ್ಮ ನಿಮ್ಮ ಕೋಣೆಯಲ್ಲಿ ಒಂದು ಲೆಕ್ಕ ಹಾಕಿ ನೋಡಿ. ಎಷ್ಟು ಜನ ಆರ್ಟ್ಸು, ಎಷ್ಟು ಜನ ಸೈನ್ಸು? ನಮ್ಮ ಕೋಣೆಯಲ್ಲಿ ಏಳು ಜನ ಇದ್ದೆವು, ಏಳೂ ಆರ್ಟ್ಸು. ಕವಿತೆಯ ಹುಚ್ಚಿಗೆ ಬಿದ್ದು ಆರ್ಟ್ಸ್ ತಗೊಂಡವರು ಒಬ್ಬಿಬ್ಬರು. ಉಳಿದವರೆಲ್ಲ ಹೆದರಿ ತಗೊಂಡವರು. ‘ಸೈನ್ಸು ನಿಮ್ಮಂಥವರಿಗೆ ಕಷ್ಟ’ ಅಂತ ಹತ್ತನೆ ಕ್ಲಾಸಿನಲ್ಲೇ ಯಾರೋ ಹೇಳಿರ್ತಾರೆ. ಹೇಳಿದವರ ಮುಖ ಮರೆತುಹೋದರೂ ಮಾತು ಮರೆಯುವುದಿಲ್ಲ.

ಆ ಹೆದರಿಕೆ ಎಲ್ಲಿ ಹುಟ್ಟಿತು ಅಂತ ಹಿಂದಕ್ಕೆ ಹುಡುಕಿಕೊಂಡು ಹೋದರೆ ಒಂದು ಬೀಗ ಹಾಕಿದ ಬೀರು ಸಿಗುತ್ತದೆ. ನಾವು ಓದಿದ ಶಾಲೆಯಲ್ಲಿ ಸ್ಪ್ರಿಂಗ್ ತಕ್ಕಡಿ, ಗಾಜಿನ ಜಾಡಿ, ಅಳತೆಯ ಕೊಳವೆ ಎಲ್ಲ ಅದರೊಳಗೆ ಇದ್ದವು. ಇನ್ಸ್‌ಪೆಕ್ಟರು ಬಂದ ದಿನ ಹೊರಗೆ ಬರುತ್ತಿದ್ದವು, ಅವರು ಹೋದ ಮೇಲೆ ಒಳಗೆ. ಆರ್ಕಿಮಿಡೀಸ್ ತತ್ವವನ್ನು ನಾವು ಬಾಯಿಪಾಠ ಒಪ್ಪಿಸಿದೆವು, ಸಂಧ್ಯಾವಂದನೆಯ ಮಂತ್ರದ ಹಾಗೆ. ನಮಗೆ ಸಂಧ್ಯಾವಂದನೆ ಇಲ್ಲ, ಆದರೂ ಒಪ್ಪಿಸಿದೆವು. ಒಂದು ಕಲ್ಲನ್ನು ನೂಲಿಗೆ ಕಟ್ಟಿ ನೀರಿಗೆ ಇಳಿಸಿದಾಗ ಅದು ಹಗುರಾಗುವುದನ್ನು ಬೆರಳಿನಲ್ಲಿ ಅನುಭವಿಸಿದವರು ತರಗತಿಯಲ್ಲಿ ಒಬ್ಬರೂ ಇರಲಿಲ್ಲ. ತಮಾಷೆ ಏನೆಂದರೆ ನಮ್ಮ ಕೇರಿಯ ಪ್ರತಿಯೊಬ್ಬ ಹೆಂಗಸಿಗೂ ಇದು ಗೊತ್ತು. ಕೊಡಪಾನ ಬಾವಿಯ ನೀರಿನೊಳಗೆ ಇರುವಷ್ಟು ಹೊತ್ತು ಹಗ್ಗ ಹಗುರ, ನೀರು ಬಿಟ್ಟು ಮೇಲೆದ್ದ ಕೂಡಲೆ ರಟ್ಟೆಗೆ ಭಾರ ಬೀಳುತ್ತದೆ. ಅಮ್ಮನಿಗೆ ದಿನಕ್ಕೆ ಇಪ್ಪತ್ತು ಸಲ ಗೊತ್ತಾಗುವ ಸಂಗತಿಯನ್ನು ಮಗ ಪರೀಕ್ಷೆಯಲ್ಲಿ ತಪ್ಪು ಬರೆದು ಫೇಲಾಗುತ್ತಾನೆ. ಇದು ಮಗನ ದಡ್ಡತನವೋ, ಪಾಠದ ದಡ್ಡತನವೋ?

ತೇಲುವುದು, ಮುಳುಗುವುದು ಎಂಬ ಪಾಠಕ್ಕೆ ಬೇಕಾದದ್ದು ಒಂದೇ: ನೀರಿಗೆ ಕೈ ಹಾಕುವುದು. ಈ ದೇಶದಲ್ಲಿ ನಮ್ಮವರಿಗೆ ಬೇಡ ಎಂದದ್ದೂ ಅದೇ. ಬಾಬಾಸಾಹೇಬರು ಶಾಲೆಯಲ್ಲಿ ಬಾಯಾರಿದಾಗ ಜವಾನ ಬಂದು ನಲ್ಲಿ ತಿರುಗಿಸಬೇಕಿತ್ತು. ಜವಾನ ಇಲ್ಲದ ದಿನ ನೀರೂ ಇಲ್ಲ. ಅದೇ ಹುಡುಗ ದೊಡ್ಡವನಾಗಿ 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿದು ಬೊಗಸೆಯಲ್ಲಿ ನೀರು ಎತ್ತಿದರು. ಮೇಲಿನವರು ಸೆಗಣಿ ಗಂಜಲ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಆ ಕೆರೆಯ ಮೇಲಿನ ಹಕ್ಕು ಕೋರ್ಟಿನಲ್ಲಿ ಗಟ್ಟಿಯಾಗಲು 1937ರ ತನಕ ಕಾಯಬೇಕಾಯಿತು. ಅದೆಲ್ಲ ಅಜ್ಜನ ಕಾಲದ್ದು ಅನ್ನುವವರಿದ್ದಾರೆ. 2022ರ ನವೆಂಬರಿನಲ್ಲಿ, ನಮ್ಮದೇ ರಾಜ್ಯದ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ, ಮದುವೆಗೆ ಬಂದ ದಲಿತ ಹೆಂಗಸು ತೊಂಬೆಯ ನಲ್ಲಿಯಿಂದ ನೀರು ಕುಡಿದಳು ಅಂತ ಅಷ್ಟೂ ನೀರನ್ನು ಹೊರಗೆ ಬಿಟ್ಟು, ಗಂಜಲ ಹಾಕಿ ತೊಳೆದದ್ದು ಪೇಪರಿನಲ್ಲಿ ಬಂತು. ಸಂವಿಧಾನದ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರು ಹಿಡಿದು ಬರೆದಿದೆ. ಬರೆದವರಿಗೆ ಗೊತ್ತಿತ್ತು, ಹೆಸರು ಹಿಡಿಯದೆ ಹೋದರೆ ಇವರು ಬಿಡುವವರಲ್ಲ ಅಂತ.

ತುಂಬಿದ ಪಾತ್ರೆಯಲ್ಲಿ ಬೆರಳು ಅದ್ದಿ ನೋಡಿ. ಬೆರಳಿನಷ್ಟು ನೀರು ಹೊರಗೆ ಚೆಲ್ಲುತ್ತದೆ. ಯಾರ ಬೆರಳಾದರೂ ಅಷ್ಟೆ. ನಮಗೆ ಈ ವಿಜ್ಞಾನದ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲಿಂದ.

ಕಾವೂರಿನಲ್ಲಿ ನಾವು ನಾಲ್ಕೈದು ಜನ ಆದಿತ್ಯವಾರ ಕೇರಿಯ ಮಕ್ಕಳನ್ನು ಕೂಡಿಸಿಕೊಂಡು ಮಾಡುತ್ತಿರುವುದು ದೊಡ್ಡ ಘನಕಾರ್ಯವಲ್ಲ. ಒಂದು ಜಗಲಿ, ಒಂದು ಬಾಲ್ದಿ ನೀರು, ಮನೆಮನೆಯಿಂದ ಮಕ್ಕಳು ಹೊತ್ತು ತಂದ ಕಸಕಡ್ಡಿ. ನಿಯಮ ಒಂದೇ. ಹಾಕುವ ಮೊದಲು ಹೇಳಬೇಕು: ತೇಲ್ತದಾ, ಮುಳುಗ್ತದಾ? ಯಾಕೆ? ಹೇಳಿದ ಮೇಲೆ ಹಾಕಬೇಕು. ಹಾಕುವವರು ಮಕ್ಕಳು, ನಾವಲ್ಲ. ಇದನ್ನು ಗಟ್ಟಿಯಾಗಿ ಹೇಳ್ತೇವೆ, ಯಾಕೆಂದರೆ ನಮ್ಮ ಕೈಗೂ ಮೇಷ್ಟರ ಕಾಯಿಲೆ ಬೇಗ ಅಂಟುತ್ತದೆ. ಮಕ್ಕಳು ತುಳುವಿನಲ್ಲಿ ‘ಮುರ್ಕುಂಡು’ ಅಂತ ಕೂಗಿದರೆ ಕೂಗಲಿ. ‘ಪ್ಲವನತೆ’ ಎಂಬ ಪದ ಕಲಿಯಲು ಮುಂದೆ ಬೇಕಾದಷ್ಟು ವರ್ಷ ಉಂಟು.

ಎಲ್ಲ ಮಕ್ಕಳೂ ಮೊದಲು ಹೇಳುವ ಉತ್ತರ, ಭಾರದ್ದು ಮುಳುಗುತ್ತದೆ, ಹಗುರದ್ದು ತೇಲುತ್ತದೆ. ಸರಿಯಿಲ್ಲ ಅಂತ ಹೇಳಲೇಬೇಡಿ. ಐದು ಕಿಲೊದ ಕಲ್ಲಂಗಡಿ ಹಣ್ಣು ಒಂದು ತನ್ನಿ, ಒಂದು ಅಕ್ಕಿಕಾಳು ತನ್ನಿ. ಕಲ್ಲಂಗಡಿ ತೇಲುತ್ತದೆ, ಅಕ್ಕಿಕಾಳು ಸೀದಾ ತಳಕ್ಕೆ ಹೋಗುತ್ತದೆ. ಆಗ ಮಕ್ಕಳ ಮುಖ ನೋಡಬೇಕು! ಆ ಒಂದು ನಿಮಿಷದ ಮೌನದಲ್ಲಿ ತಲೆಯೊಳಗೆ ಏನೋ ಮುರಿದು ಏನೋ ಕಟ್ಟಿಕೊಳ್ಳುತ್ತದೆ. ಆಮೇಲೆ ಜಗಳ. ಒಬ್ಬಳು ‘ಒಳಗೆ ಗಾಳಿ ಉಂಟು’ ಅನ್ನುತ್ತಾಳೆ, ಇನ್ನೊಬ್ಬ ‘ದೊಡ್ಡದು ತೇಲ್ತದೆ’ ಅನ್ನುತ್ತಾನೆ. ಜಗಳ ಆಡಲು ಬಿಡಿ. ದೊಡ್ಡದು ತೇಲುತ್ತದೆ ಅಂದವನ ಕೈಯಲ್ಲೇ ಒಂದು ಅರೆಯುವ ಗುಂಡುಕಲ್ಲು ಹಾಕಿಸಿದರಾಯಿತು. (ಬಾಲ್ದಿ ಪ್ಲಾಸ್ಟಿಕ್ಕಿನದ್ದಾದರೆ ಮೆಲ್ಲಗೆ.) ಕಿತ್ತಳೆ ಸಿಗುವ ಕಾಲದಲ್ಲಿ ಸಿಪ್ಪೆಯ ಸಮೇತ ಒಂದು, ಸುಲಿದದ್ದು ಒಂದು ಹಾಕಿಸಿ. ಸಿಪ್ಪೆಯಿದ್ದದ್ದು ತೇಲುತ್ತದೆ, ಸುಲಿದದ್ದು ಬಹುಪಾಲು ಮುಳುಗುತ್ತದೆ. ಸುಲಿದದ್ದು ಹಗುರ, ಆದರೂ ಮುಳುಗಿತು! ಸಿಪ್ಪೆಯ ಸ್ಪಂಜಿನಂಥ ಬಿಳಿ ಪದರದಲ್ಲಿ ಗಾಳಿ ಕೂತಿದೆ. ನಮ್ಮ ಮಂಗಳೂರಿನಲ್ಲಿ ಕಿತ್ತಳೆ ಬುಟ್ಟಿ ಹೊತ್ತು ಮಾರಿದ ದುಡ್ಡಿನಲ್ಲಿ ಹರೇಕಳ ಹಾಜಬ್ಬ ಶಾಲೆಯನ್ನೇ ಕಟ್ಟಿದರು, ಅವರಿಗೆ 2020ರ ಪದ್ಮಶ್ರೀ ಬಂತು. ಕಿತ್ತಳೆಯಿಂದ ಶಾಲೆಯಾಗುವುದಾದರೆ ಪಾಠವೊಂದು ಆಗಲಾರದೆ?

ಬುಟ್ಟಿಯ ಪ್ರಯೋಗ ನಮಗೆ ಎಲ್ಲಕ್ಕಿಂತ ಇಷ್ಟ. ಬಿದಿರಿನದ್ದೋ ಬೀಳಿನದ್ದೋ ಸಣ್ಣ ಬುಟ್ಟಿಯನ್ನು ನೀರಿನ ಮೇಲಿಟ್ಟು ನಾಲ್ಕು ಕಲ್ಲು ಹಾಕಿ. ಕಣ್ಣುಕಣ್ಣಿನಲ್ಲಿ ನೀರು ನುಗ್ಗಿ ಕೆಳಗೆ ಹೋಗುತ್ತದೆ. ಈಗ ಹಾಲಿನ ತೊಟ್ಟೆಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊರಗಿನಿಂದ ಸುತ್ತಿ ಬಿಗಿಯಾಗಿ ಕಟ್ಟಿ. ಅದೇ ಬುಟ್ಟಿ ಅದೇ ನಾಲ್ಕು ಕಲ್ಲು ಹೊತ್ತು ತೇಲುತ್ತದೆ. ಇನ್ನೂ ಹತ್ತು ಹೊರುತ್ತದೆ. ಇದೇ ಹರಿಗೋಲು. ವಿಜಯನಗರಕ್ಕೆ 1520ರ ಸುಮಾರಿಗೆ ಬಂದ ಡೊಮಿಂಗೊ ಪಾಯೆಸ್ ಎಂಬ ಪೋರ್ಚುಗೀಸನು ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು ಹೊದಿಸಿದ ಈ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಹದಿನೈದಿಪ್ಪತ್ತು ಜನ ಕೂರುತ್ತಿದ್ದರಂತೆ, ಕುದುರೆ ಎತ್ತುಗಳೂ ದಾಟುತ್ತಿದ್ದವಂತೆ. ಬುಟ್ಟಿ ಹೆಣೆದವರು ಯಾರು? ಸತ್ತ ದನದ ತೊಗಲು ಹದಮಾಡಿದವರು ಯಾರು? ತೊಗಲು ಮುಟ್ಟಿದವನನ್ನು ಮುಟ್ಟದವರು ಅದೇ ತೊಗಲಿನ ಮೇಲೆ ಕೂತು ಹೊಳೆ ದಾಟಿದರು. ಯಾವ ಚರಿತ್ರೆಯ ಪುಸ್ತಕದಲ್ಲೂ ತೊಗಲಿನವನನ್ನು ಎಂಜಿನಿಯರ್ ಅಂತ ಕರೆದದ್ದು ನಾವು ಕಾಣೆವು. ಕೇರಿಯ ಮಕ್ಕಳಿಗೆ ಇದನ್ನು ಹೇಳಿ. ಬುಟ್ಟಿ ಹೆಣೆಯುವ ಅಜ್ಜಿ ಇದ್ದರೆ ಅವರನ್ನೇ ಕರೆದು ಹೇಳಿಸಿ. ಅಜ್ಜಿ ನಾಚಿಕೊಳ್ಳುತ್ತಾರೆ. ಬಿಡಬೇಡಿ.

ಇನ್ನು ಅಳತೆ. ಆಟ ವಿಜ್ಞಾನ ಆಗುವುದು ಅಳತೆಯಿಂದ. ತಕ್ಕಡಿ ಕೊಳ್ಳಲು ದುಡ್ಡಿಲ್ಲ ಅನ್ನುವ ನೆಪ ಬೇಡ. ನೆಟ್ಟಗಿನ ಒಂದು ಕೋಲು, ನಡುವೆ ದಾರ, ಎರಡು ತುದಿಗೆ ಎರಡು ಗೆರಟೆ. ಒಂದು ಕಡೆ ವಾಲಿದರೆ ಹಗುರದ ಬದಿಗೆ ಸ್ವಲ್ಪ ಮಣ್ಣು ಮೆತ್ತಿ ಸಮ ಮಾಡಿಕೊಳ್ಳಿ. ಗೆರಟೆ ಅಂದರೆ ಏನು ಅಂತ ನಿಮಗೆ ಗೊತ್ತು. ನಮ್ಮ ಅಜ್ಜಂದಿರಿಗೆ ಹೋಟೆಲಿನ ಹಿಂದಿನ ಬಾಗಿಲಲ್ಲಿ ಮೇಲಿನಿಂದ ಚಹಾ ಹೊಯ್ದು ಕೊಟ್ಟದ್ದು ಇದರಲ್ಲಿಯೇ. ಈಗ ಮೊಮ್ಮಕ್ಕಳು ಅದರಲ್ಲಿ ಲೋಕವನ್ನು ತೂಗಲಿ.

ಪ್ಲಾಸ್ಟಿಕ್ ಬಾಟ್ಲಿಯ ಮೇಲಿನ ಭಾಗ ಕೊಯ್ದು, ಅಂಚಿನ ಕೆಳಗೆ ತೂತು ಮಾಡಿ, ಪಪ್ಪಾಯಿ ಎಲೆಯ ಟೊಳ್ಳು ದಂಟಿನ ತುಂಡನ್ನು ಸಿಕ್ಕಿಸಿ ಸುತ್ತ ಮೇಣ ಮೆತ್ತಿ. ದಂಟಿನಿಂದ ಸೋರುವವರೆಗೆ ನೀರು ತುಂಬಿ, ಸೋರುವುದು ಪೂರ್ತಿ ನಿಲ್ಲಲಿ. ಈಗ ಒಂದು ಮರದ ತುಂಡನ್ನು ಮೆಲ್ಲಗೆ ಬಿಡಿ. ಹೊರಗೆ ಬಂದ ನೀರನ್ನು ಒಂದು ಗೆರಟೆಯಲ್ಲಿ ಹಿಡಿದು, ಮರದ ತುಂಡನ್ನು ಒರೆಸಿ ಇನ್ನೊಂದು ಗೆರಟೆಯಲ್ಲಿಟ್ಟು ತೂಗಿ. ಕೋಲು ನೆಟ್ಟಗೆ ನಿಲ್ಲುತ್ತದೆ. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ. ಕಲ್ಲು ಹಾಕಿ ಇದನ್ನೇ ಮಾಡಿದರೆ ಕಲ್ಲಿನ ಕಡೆ ಕೆಳಗೆ ಇಳಿಯುತ್ತದೆ. ಕಲ್ಲು ಪೂರ್ತಿ ಮುಳುಗಿ ಎಷ್ಟು ನೀರು ಸರಿಸಿದರೂ ಅದು ತನ್ನ ತೂಕಕ್ಕೆ ಸಾಲದು, ಅದಕ್ಕೇ ತಳಕ್ಕೆ ಹೋಯಿತು. ಬಾಯಿಪಾಠ ಒಪ್ಪಿಸಿದ ಆ ಮಂತ್ರದ ಅರ್ಥ ಇಷ್ಟೇ ಮಾರಾಯರೆ! ನಮಗೆ ಇದನ್ನು ತಿಳಿಯಲು ಬಿ.ಎ. ಮುಗಿಯಬೇಕಾಯಿತು.

ಹಾಗಾದರೆ ಕಬ್ಬಿಣದ ಹಡಗು? ಕಬ್ಬಿಣ ನೀರಿಗಿಂತ ಸುಮಾರು 7.8 ಪಟ್ಟು ಭಾರ. ಮೊಳೆ ಮುಳುಗುತ್ತದೆ, ಅದಕ್ಕಿಂತ ನೂರು ಪಾಲು ತೂಕದ ಕಬ್ಬಿಣದ ಬಾಣಲೆ ತೇಲುತ್ತದೆ. ಕಬ್ಬಿಣ ಬದಲಾಗಲಿಲ್ಲ, ಅದು ನೀರಿನಲ್ಲಿ ಹಿಡಿದ ಜಾಗ ಬದಲಾಯಿತು. ಕಾವೂರಿನ ಮಕ್ಕಳಿಗೆ ಇದನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಪಣಂಬೂರಿನ ನವ ಮಂಗಳೂರು ಬಂದರು 1974ರಲ್ಲಿ ದೇಶದ ಒಂಬತ್ತನೆಯ ದೊಡ್ಡ ಬಂದರು ಅನ್ನಿಸಿಕೊಂಡಿತು. ಕುದುರೆಮುಖದ ಗುಡ್ಡ ಅಗೆದು, ಅದಿರನ್ನು ನೀರಿನಲ್ಲಿ ಕಲಸಿ, ಸುಮಾರು 67 ಕಿಲೊಮೀಟರ್ ಕೊಳವೆಯಲ್ಲಿ ಹರಿಸಿ ಇಲ್ಲಿಗೆ ತಂದು ಹಡಗಿಗೆ ತುಂಬಿದರು. ಸುಪ್ರೀಂ ಕೋರ್ಟಿನ ಆದೇಶದಿಂದ 2005ರ ಕೊನೆಗೆ ಗಣಿ ನಿಂತಿತು. ಆ ಕಂಪೆನಿಯ ಟೌನ್‌ಶಿಪ್ಪು ಇರುವುದು ನಮ್ಮ ಕಾವೂರಿನಲ್ಲೇ. ಇಡೀ ಗುಡ್ಡದ ಕಬ್ಬಿಣ ಕಬ್ಬಿಣದ ಪಾತ್ರೆಯಲ್ಲಿ ಕೂತು ಸಮುದ್ರದ ಮೇಲೆ ತೇಲಿ ಹೋಯಿತಲ್ಲ, ಅದಕ್ಕಿಂತ ದೊಡ್ಡ ಬಾಣಲೆ ಪ್ರಯೋಗ ಎಲ್ಲಿದೆ?

ಹಡಗಿನ ಹೊಟ್ಟೆಯ ಮೇಲೆ ಒಂದು ವೃತ್ತ, ಅದನ್ನು ಸೀಳುವ ಒಂದು ಅಡ್ಡಗೆರೆ, ಪಕ್ಕದಲ್ಲಿ ಏಣಿಯ ಮೆಟ್ಟಿಲಿನಂಥ ಗೆರೆಗಳು ಇರುತ್ತವೆ. ಇಷ್ಟಕ್ಕಿಂತ ಹೆಚ್ಚು ಹೇರಬಾರದು ಎಂಬ ಗುರುತು. ಆ ಗೆರೆ ತಾನಾಗಿ ಬಂದದ್ದಲ್ಲ. ಇಂಗ್ಲೆಂಡಿನಲ್ಲಿ ಹಡಗಿನ ಧಣಿಗಳು ಹಳೇ ಹಡಗಿಗೆ ಮಿತಿಮೀರಿ ಹೇರಿ, ವಿಮೆ ಮಾಡಿಸಿ ಕಡಲಿಗೆ ಬಿಡುತ್ತಿದ್ದರು. ಮುಳುಗಿದರೂ ಧಣಿಗೆ ನಷ್ಟವಿಲ್ಲ, ಸಾಯುವವರು ಕೂಲಿ ನಾವಿಕರು. ‘ಶವಪೆಟ್ಟಿಗೆ ಹಡಗು’ ಅಂತಲೇ ಜನ ಕರೆಯುತ್ತಿದ್ದರು. ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ಎಂಬ ಸಂಸತ್ ಸದಸ್ಯ 1875ರಲ್ಲಿ ಸಂಸತ್ತಿನಲ್ಲೇ ಮುಷ್ಟಿ ಎತ್ತಿ ಬೈದು ಗದ್ದಲ ಮಾಡಿದ ಮೇಲೆ 1876ರಲ್ಲಿ ಕಾನೂನು ಬಂತು. ಅದರಲ್ಲೂ ಮೋಸ: ಗೆರೆ ಎಲ್ಲಿ ಎಳೆಯಬೇಕು ಎಂಬುದನ್ನು ಧಣಿಗೇ ಬಿಟ್ಟಿದ್ದರು! ಸರಿಯಾದ ಜಾಗ ಕಾನೂನಿನಲ್ಲಿ ನಿಗದಿಯಾದದ್ದು 1890ರಲ್ಲಿ. ಮುಟ್ಟಾಳೆಯನ್ನು ಮಗುಚಿ ನೀರಿನಲ್ಲಿ ತೇಲಿಸಿ, ಒಂದೊಂದೇ ಕಲ್ಲು ಹಾಕಿಸಿ, ಮುಳುಗುವ ಮುಂಚಿನ ನೀರಿನ ಮಟ್ಟಕ್ಕೆ ಮಸಿಯಲ್ಲಿ ಗೆರೆ ಎಳೆಸಿ. ತಲೆಹೊರೆಗೆ ಅಂತ ತಲೆ ಮೇಲಿಟ್ಟ ಹಾಳೆಯ ಟೊಪ್ಪಿಗೆ ಒಂದು ಗೆರೆ. ಎಷ್ಟು ಹೊರೆ ಹೊರಬಹುದು ಎಂಬ ಪ್ರಶ್ನೆಯನ್ನು ಹೊರುವವರ ಕಡೆಯಿಂದ ಕೇಳುವುದನ್ನು ಮಕ್ಕಳು ಇಲ್ಲಿಂದಲೇ ಕಲಿಯಲಿ.

ಆ ಏಣಿಗೆರೆಗಳಲ್ಲಿ ಸಿಹಿನೀರಿಗೆ ಒಂದು, ಉಪ್ಪುನೀರಿಗೆ ಒಂದು ಇದೆ. ಸಮುದ್ರದ ಒಂದು ಲೀಟರ್ ನೀರು ಸುಮಾರು 1025 ಗ್ರಾಮ್, ಬಾವಿ ನೀರು 1000. ಭಾರದ ನೀರು ಹೆಚ್ಚು ಎತ್ತಿ ಹಿಡಿಯುತ್ತದೆ. ಹೊಸ ಕೋಳಿಮೊಟ್ಟೆಯನ್ನು ಲೋಟದ ಬಾವಿ ನೀರಿಗೆ ಹಾಕಿದರೆ ಮುಳುಗುತ್ತದೆ. ಕಲ್ಲುಪ್ಪು ಹಾಕುತ್ತಾ ಕರಗಿಸುತ್ತಾ ಹೋದರೆ ಒಂದು ಹಂತದಲ್ಲಿ ಎದ್ದು ಬರುತ್ತದೆ. ಇದು ಶಾಲೆಯ ಜಾದೂ ಅಲ್ಲ, ಗದ್ದೆಯ ವಿದ್ಯೆ. ಬಿತ್ತನೆ ಭತ್ತ ಆರಿಸುವಾಗ ಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬೀಜ ಸುರಿಯುತ್ತಾರೆ. ಜೊಳ್ಳು ಮೇಲೆ, ಗಟ್ಟಿ ಕೆಳಗೆ. ಆಮೇಲೆ ಗಟ್ಟಿ ಬೀಜವನ್ನು ಒಳ್ಳೆ ನೀರಿನಲ್ಲಿ ತೊಳೆಯಬೇಕು. ಗೇಣಿ ಗದ್ದೆಯಲ್ಲಿ ನಮ್ಮವರು ತಲೆಮಾರು ಕಳೆದರು, ಆದರೆ ಪುಸ್ತಕದಲ್ಲಿ ಉದಾಹರಣೆಗೆ ಬರುವುದು ಗ್ರೀಕ್ ರಾಜನ ಕಿರೀಟ.

ಆ ಕಿರೀಟದ ಕತೆಯೂ ನೋಡಿ. ರಾಜ ಚಿನ್ನ ಕೊಟ್ಟ, ಅಕ್ಕಸಾಲಿ ಬೆಳ್ಳಿ ಬೆರೆಸಿ ಕದ್ದ, ಪಂಡಿತ ಸ್ನಾನದ ತೊಟ್ಟಿಯಲ್ಲಿ ಕೂತು ಹಿಡಿದುಬಿಟ್ಟ. ಆರ್ಕಿಮಿಡೀಸ್ ಸತ್ತು ಸುಮಾರು ಇನ್ನೂರು ವರ್ಷದ ಮೇಲೆ ವಿಟ್ರುವಿಯಸ್ ಎಂಬ ರೋಮಿನ ಕಟ್ಟಡ ಪಂಡಿತ ಬರೆದ ಕತೆ ಇದು. ಆರ್ಕಿಮಿಡೀಸ್ ದೊಡ್ಡ ಮನುಷ್ಯ, ಅನುಮಾನವಿಲ್ಲ. ಆದರೆ ಪ್ರತಿ ತರಗತಿಯಲ್ಲೂ ಮಕ್ಕಳು ಮೊದಲು ಕಲಿಯುವುದು ಕೈಕಸುಬಿನವನು ಕಳ್ಳ ಅಂತ. ಈ ಕತೆಯಿಲ್ಲದೆಯೂ ಪಾಠ ನಡೆಯುತ್ತದೆ, ನಾವು ನಡೆಸಿ ನೋಡಿದ್ದೇವೆ.

‘ಭೂಮಿ ಸಿಕ್ಕಿಲ್ಲ, ಸ್ಕಾಲರ್‌ಶಿಪ್ ಬಂದಿಲ್ಲ, ನೀವು ಬಾಲ್ದಿ ಆಟ ಆಡ್ತಾ ಕೂತಿದ್ದೀರಾ?’ ಅಂತ ಹಿರಿಯ ಸಂಗಾತಿಗಳು ಕೇಳುತ್ತಾರೆ. ಕೇಳಬೇಕಾದ್ದೇ. ಸ್ಕಾಲರ್‌ಶಿಪ್ಪಿನ ಅರ್ಜಿ ಬಿಡಿ ಅಂತ ನಾವೆಲ್ಲಿ ಹೇಳಿದೆವು? ಆದರೆ ಇದೇ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿ ನಮ್ಮ ಮಕ್ಕಳನ್ನು ಶಾಲೆಗೆ ಕೂಡಿಸಿ ನೂರಿಪ್ಪತ್ತೈದು ವರ್ಷ ದಾಟಿತು. ಶಾಲೆಯ ಒಳಗೆ ಬಂದೆವು, ಬೀರುವಿನ ಒಳಗೆ ಇನ್ನೂ ಬಂದಿಲ್ಲ. ಮೇಲಿನವರ ಮಕ್ಕಳಿಗೆ ಟ್ಯೂಶನ್ನು, ಕಿಟ್ಟು, ಕೋಚಿಂಗು ಉಂಟು. ನಮ್ಮ ಮಕ್ಕಳಿಗೆ ಗಂಟೆಗಟ್ಟಲೆ ಕೂತು ‘ನೀನೇ ಹಾಕಿ ನೋಡು’ ಅನ್ನುವ ಅಣ್ಣ ಅಕ್ಕ ಬೇಕು. ಅದು ಹಾಸ್ಟೆಲಿನ ನಾವಲ್ಲದೆ ಇನ್ಯಾರು?

ಇದು ನಮ್ಮ ತಲೆಯಿಂದ ಉದುರಿದ್ದೂ ಅಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಮಕ್ಕಳೇ ಕೈಯಾರೆ ಪ್ರಯೋಗ ಮಾಡಿ ಕಲಿಯುವ ವಿಜ್ಞಾನ ಶುರುವಾಯಿತು. ಪರೀಕ್ಷೆಗೆ ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು, ಯಾಕೆಂದರೆ ಬಾಯಿಪಾಠಕ್ಕೆ ಅಲ್ಲಿ ಬೆಲೆಯಿರಲಿಲ್ಲ. ಸಾವಿರದಷ್ಟು ಶಾಲೆಗೆ ಹಬ್ಬಿತು. 2002ರಲ್ಲಿ ಸರ್ಕಾರವೇ ನಿಲ್ಲಿಸಿತು. ಪ್ರಶ್ನೆ ಕೇಳುವ ಬಡವರ ಮಕ್ಕಳು ಯಾರಿಗೆ ಬೇಕು ಸ್ವಾಮಿ? ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಅಂತ 1976ರಲ್ಲಿ ಸಂವಿಧಾನಕ್ಕೆ ಸೇರಿಸಿದ್ದಾರೆ. ಕರ್ತವ್ಯ ನಮ್ಮದು, ಬೀರುವಿನ ಬೀಗದ ಕೈ ಅವರದ್ದು.

ಒಂದು ಮಾತನ್ನು ಮಾತ್ರ ತಮಾಷೆಯಿಲ್ಲದೆ ಹೇಳಬೇಕು. ಕೆರೆ ಬಾವಿಗಳಿಂದ ದೂರ ಇಟ್ಟ ಜನರಿಗೆ ಈಜೂ ದೂರವಾಯಿತು. ನಮ್ಮ ಕರಾವಳಿಯಲ್ಲಿ ಒಣ ತೆಂಗಿನಕಾಯಿ ಎರಡನ್ನು ಜೋಡಿಸಿ ಕಟ್ಟಿ ಮಕ್ಕಳಿಗೆ ಈಜು ಕಲಿಸುವ ಪದ್ಧತಿ ಇತ್ತು, ಸಿಪ್ಪೆಯ ನಾರಿನಲ್ಲಿರುವ ಗಾಳಿಯೇ ಅಲ್ಲಿನ ಗುರು. ಆದರೆ ಕಲಿಯುವುದು ಯಾರ ಕೆರೆಯಲ್ಲಿ? ಬೇಸಿಗೆ ರಜೆಯಲ್ಲಿ, ಮಳೆಗಾಲದಲ್ಲಿ, ನೀರು ತುಂಬಿದ ಕೆಂಪುಕಲ್ಲಿನ ಕೋರೆಗೆ ಇಳಿದು ಸಾಯುವ ಮಕ್ಕಳು ಯಾರು ಅಂತ ಪೇಪರ್ ಓದುವವರಿಗೆ ಗೊತ್ತು. ಕೋರೆಗೆ ದಂಡೆಯ ಇಳಿಜಾರು ಇಲ್ಲ, ಎರಡನೇ ಹೆಜ್ಜೆಗೇ ಆಳ. ಎದೆ ತುಂಬ ಉಸಿರು ಹಿಡಿದ ಮನುಷ್ಯನ ಮೈ ನೀರಿಗಿಂತ ಸ್ವಲ್ಪವೇ ಹಗುರ, ಹೆದರಿ ಕೈ ಮೇಲೆತ್ತಿ ಕೂಗಿದ ಕೂಡಲೆ ಆ ಸ್ವಲ್ಪವೂ ಹೋಗುತ್ತದೆ. ಹೀಗೆ ಹೇಳಿದ ದಿನ ಒಬ್ಬ ಹುಡುಗಿ ಕೇಳಿದಳು: ‘ಹಾಗಾದರೆ ಮುಳುಗಿ ಸತ್ತವರು ಎರಡು ದಿನ ಕಳೆದು ಯಾಕಣ್ಣ ಮೇಲೆ ಬರ್ತಾರೆ?’ ಒಳಗೆ ಕೊಳೆತು ಗಾಳಿ ತುಂಬುತ್ತದೆ, ಬುಟ್ಟಿಯ ಲೆಕ್ಕವೇ ಅಂತ ಹೇಳಿದೆವು. ಅವಳು ಮತ್ತೆ ಏನೂ ಕೇಳಲಿಲ್ಲ. ಅವಳ ಕೇರಿಯಲ್ಲಿ ಯಾರು ಹೋಗಿದ್ದರು ಎಂದು ನಾವೂ ಕೇಳಲಿಲ್ಲ.

ಆದುದರಿಂದ ಪ್ರಯೋಗ ಬಾಲ್ದಿಯಲ್ಲೇ ಇರಲಿ. ತೊಟ್ಟಿಲ ಮಕ್ಕಳನ್ನು ಬಾಲ್ದಿಯ ಹತ್ತಿರವೂ ಒಂಟಿಯಾಗಿ ಬಿಡಬೇಡಿ, ಮುಗಿದ ಕೂಡಲೆ ನೀರು ಗಿಡಕ್ಕೆ ಹೊಯ್ದುಬಿಡಿ. ಹೊಳೆ ಕೆರೆಗೆ ಹೋಗುವುದಾದರೆ ಈಜು ಬರುವ ದೊಡ್ಡವರು ಜೊತೆಗಿರಬೇಕು, ಹಗ್ಗವೂ ತೆಂಗಿನಕಾಯಿಯೂ ಕೈಯಲ್ಲಿರಬೇಕು.

ಮುಂದಿನ ರಜೆಗೆ ಊರಿಗೆ ಹೋಗುವವರು ಬುಟ್ಟಿ, ಬಾಣಲೆ, ಮೊಟ್ಟೆ, ಕಲ್ಲುಪ್ಪು ಇಷ್ಟರಲ್ಲಿ ಶುರು ಮಾಡಬಹುದು. ಮೊಟ್ಟೆ ಎಷ್ಟು ಚಮಚ ಉಪ್ಪಿಗೆ ಎದ್ದಿತು, ಮುಟ್ಟಾಳೆ ಎಷ್ಟು ಕಲ್ಲು ಹೊತ್ತಿತು, ನಿಮ್ಮ ಕೇರಿಯ ಮಕ್ಕಳು ನಿಮಗೆ ಉತ್ತರ ಬಾರದ ಯಾವ ಪ್ರಶ್ನೆ ಕೇಳಿದರು, ಒಂದು ಕಾರ್ಡಿನಲ್ಲಿ ಬರೆದು ಹಾಕಿ. ಬಯಲುಸೀಮೆಯವರು ಮುಟ್ಟಾಳೆ ಸಿಗದಿದ್ದರೆ ಒಣಗಿದ ಸೋರೆಬುರುಡೆಯಲ್ಲಿ ಮಾಡಿ, ಅದರ ಲೆಕ್ಕವೂ ನಮಗೆ ಬೇಕು.